ರಹಿಮಾನನ ಎಂಟು ಮೂಲೆಯ ಚುಕ್ಕಿ

ಕರುಣಾಕರ ಅಯ್ಯನವರು ನಮ್ಮ ಸಭೆಗೆ ಪಾದ್ರಿಗಳಾಗಿ ಬಂದ ವರ್ಷ, ಡಿಸೆಂಬರ್ ಹುಟ್ಟುತ್ತಿದ್ದಂತೆ ಚರ್ಚಿನ ಅಟ್ಟದ ಮೇಲಿದ್ದ ಹಳೆಯ ನಕ್ಷತ್ರವನ್ನು ಇಳಿಸಿ ಅದರ ಮೂಲೆಗಳನ್ನು ಎಣಿಸಿದರು. ನಂಬಿಕೆ ಬಾರದೆ ಮತ್ತೊಮ್ಮೆ ಎಣಿಸಿದರು. ಎಂಟೇ ಇದ್ದವು.

"ಟೀಚರ್, ನಕ್ಷತ್ರಕ್ಕೆ ಎಲ್ಲಾದರೂ ಎಂಟು ಮೂಲೆ ಇರುತ್ತಾ?" ಎಂದು ನನ್ನನ್ನು ಕೇಳಿದರು.

"ಆಕಾಶದಾಗಿರೋವಕ್ಕ ಎಷ್ಟದಾವೋ ನನಗ ಗೊತ್ತಿಲ್ರಿ ಅಯ್ನೋರ. ನಮ್ಮ ಬೊಮ್ಮನಹಳ್ಳಿದಕ್ಕ ಎಂಟು" ಎಂದೆ.

ಅಯ್ಯನವರು ಮೈಸೂರು ಕಡೆಯವರು. ಬಹಳ ಒಳ್ಳೆಯವರು. ಆದರೆ ಅವರಿಗೆ ಎಲ್ಲವೂ ಸರಿಯಾಗಿರಬೇಕು. ಕುರ್ಚಿಯ ಸಾಲು ಸೊಟ್ಟಗಿದ್ದರೆ ಪ್ರಾರ್ಥನೆಯ ನಡುವೆ ಒಂದು ಕಣ್ಣು ತೆರೆದು ನೋಡುತ್ತಿದ್ದರು.

ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಚರ್ಚು ಇರುವುದು ನೀರಿನ ಟ್ಯಾಂಕಿನ ಹಿಂದಿನ ಓಣಿಯ ತುದಿಯಲ್ಲಿ. ಹೊಸಬರಿಗೆ ಸುಲಭವಾಗಿ ಸಿಗುವುದಿಲ್ಲ. ಕ್ರಿಸ್‌ಮಸ್ಸಿಗೆ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳಿಂದ ನಮ್ಮವರು ಬಸ್ಸು ಹಿಡಿದು ಬರುತ್ತಾರೆ. ಅವರು ದಾರಿ ತಪ್ಪಬಾರದೆಂದು ಬಹಳ ಹಿಂದೆ ಎತ್ತರದ ಬಿದಿರಿನ ಗಳಕ್ಕೆ ನಕ್ಷತ್ರ ಕಟ್ಟುವ ಪದ್ಧತಿ ಶುರುವಾಯಿತು. ಕಂಡಕ್ಟರುಗಳು ಕೂಡ "ಆ ಚುಕ್ಕಿ ನೋಡ್ಕೋತ ಹೋಗ್ರಿ, ಸಿಗತೈತಿ" ಎಂದು ಇಳಿಸಿ ಹೋಗುತ್ತಿದ್ದರು. ಅದನ್ನು ಮೊದಲು ಮಾಡಿಕೊಟ್ಟವರು ಸೈಕಲ್ ಅಂಗಡಿಯ ಮುನಾವರ ಸಾಬರು. ಮೊಹರಮ್ಮಿಗೆ ಬಿದಿರು, ಬಣ್ಣದ ಕಾಗದದ ಕೆಲಸ ಮಾಡಿ ಪಳಗಿದ ಕೈ ಅವರದು. ಎಷ್ಟು ಮೂಲೆ ಇರಲಿ ಎಂದು ಹಿರಿಯರು ಕೇಳಿದ್ದಕ್ಕೆ, "ಮಂದಿ ಎಂಟೂ ದಿಕ್ಕಿನಿಂದ ಬರ್ತಾರ. ಐದು ಮೂಲಿ ಮಾಡಿದ್ರ ಉಳದ ಮೂರು ದಿಕ್ಕಿನವ್ರು ಏನು ಪಾಪ ಮಾಡ್ಯಾರ?" ಎಂದಿದ್ದರಂತೆ.

ಸಾಬರು ತೀರಿದ ಮೇಲೆ ಮಗ ರಹಿಮಾನ್ ಆ ಕೆಲಸ ಮುಂದುವರಿಸಿದ. ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ನಕ್ಷತ್ರ ಕಟ್ಟಿದವನಿಗೆ ಮುಂದಿನ ಸಾಲಿನಲ್ಲಿ ಕೈ ಇರುವ ಕುರ್ಚಿ ಹಾಕುತ್ತೇವೆ. ರಹಿಮಾನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡೂ ಕೈಯನ್ನು ಕುರ್ಚಿಯ ಕೈಗಳ ಮೇಲಿಟ್ಟು, ಯೇಸು ಹುಟ್ಟಿದ ಕಥೆಯ ನಾಟಕ ಮುಗಿಯುವವರೆಗೆ ತಲೆ ಎತ್ತಿ ನಕ್ಷತ್ರವನ್ನೇ ನೋಡುತ್ತ ಕೂರುತ್ತಿದ್ದ. ಊರಲ್ಲಿ ಪಂಕ್ಚರ್ ಹಾಕುವ ರಹಿಮಾನರು ಇನ್ನೂ ಇದ್ದಾರು. ಚುಕ್ಕಿ ರಹಿಮಾನ್ ಎಂದರೆ ಇವನೊಬ್ಬನೇ.

ಮೂಲೆ ಎಣಿಸಿದ ಆ ದಿನ ಅಯ್ಯನವರು ನನ್ನನ್ನು ತಮ್ಮ ಮನೆಯೊಳಗೆ ಕರೆದು ಮಂಚದ ಕೆಳಗಿನಿಂದ ಒಂದು ಪ್ಯಾಕೆಟ್ ಎಳೆದರು. ಬಳ್ಳಾರಿಯಿಂದ ತಂದ ನಕ್ಷತ್ರ. ಐದು ಮೂಲೆ, ಮಿರಿಮಿರಿ ಮಿಂಚು, ಬೇಡವಾದಾಗ ಛತ್ರಿಯ ಹಾಗೆ ಮಡಚಿಡಬಹುದು.

"ರಹಿಮಾನನಿಗೂ ವಯಸ್ಸಾಯ್ತಲ್ಲ ಟೀಚರ್. ಬಿದಿರು ಸೀಳಿ ಸೀಳಿ ಬೆರಳು ಕೊಯ್ದುಕೊಳ್ತಾನೆ. ಈ ಸಲದಿಂದ ಅವನಿಗೆ ವಿಶ್ರಾಂತಿ ಕೊಡೋಣ" ಎಂದರು. ಅವರು ಹೇಳಿದ್ದು ಅಕ್ಕರೆಯಿಂದಲೇ. ಪ್ಯಾಕೆಟ್ಟನ್ನು ಮತ್ತೆ ಮಂಚದ ಕೆಳಗೆ ತಳ್ಳಿ ಹೊರಟೆ.

ಸುದ್ದಿ ನನಗಿಂತ ಮುಂಚೆ ಸೈಕಲ್ ಅಂಗಡಿಗೆ ತಲುಪಿತ್ತು. ನಾನು ಹೋದಾಗ ರಹಿಮಾನ್ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದುಮಿ ಹಿಡಿದಿದ್ದ. ಗುಳ್ಳೆ ಬುಳುಬುಳು ಬರುತ್ತಿದ್ದರೂ ಅವನ ಕಣ್ಣು ಬೇರೆಲ್ಲೋ ಇತ್ತು.

"ಹೋದ್ರ ಹೋಗ್ಲಿ ಬಿಡ್ರಿ" ಎಂದಳು ಅವನ ಹೆಂಡತಿ ಪೀರ್ ಬೀ. "ವರ್ಷಾ ಅಂಟು ಕುದಸಿ ಕುದಸಿ ನನ್ನ ಬೋಗುಣಿ ಹಾಳಾಗೈತಿ. ಹೊತ್ತಿಗೆ ಸರಿಯಾಗಿ ಒಂದು ಬ್ರೇಕ್ ಕೂಡ್ಸಿ ಕೊಡಾಕ ಬರಂಗಿಲ್ಲ, ಚುಕ್ಕಿ ಮಾಡ್ತಾನಂತ ಚುಕ್ಕಿ!"

ಹಾಗೆ ಅನ್ನುತ್ತಲೇ ಅವಳು ಮೊರದಲ್ಲಿ ಮೈದಾಹಿಟ್ಟು ಜರಡಿ ಹಿಡಿಯುತ್ತಿದ್ದಳು. ಪಕ್ಕದಲ್ಲಿ ಅದೇ ಹಾಳಾದ ಬೋಗುಣಿ ಒಲೆಯ ಮೇಲೆ ಏರಿತ್ತು.

ಸಂಜೆ ರಹಿಮಾನ್ ಕೈಕಾಲು ತೊಳೆದು ಅಯ್ಯನವರ ಮುಂದೆ ಹೋಗಿ ನಿಂತ. ಪೀರ್ ಬೀ ಕಳಿಸಿದಳೆಂದು ನಾನೂ ಹಿಂದೆ ಹೋದೆ.

"ಅಯ್ನೋರ, ನಿಮ್ಮ ಬಳ್ಳಾರಿ ಚುಕ್ಕಿ ನಡಿತೈತೇನ್ರಿ?"

"ನಕ್ಷತ್ರ ಯಾಕಪ್ಪ ನಡೀಬೇಕು?"

"ಹೋದ ಐತವಾರ ನೀವ ಹೇಳೀರಿ. ಮೂಡಲ ದೇಶದ ಜೋಯಿಸ್ರ ಮುಂದ ಮುಂದ ಚುಕ್ಕಿ ನಡದು, ಕೂಸಿದ್ದ ಜಾಗದ ಮ್ಯಾಲ ಬಂದು ನಿಂತ್ಕಂತು ಅಂತ. ನಮ್ಮ ಪೀರ್ ಬೀ ಮೈಕಿನಾಗ ಕೇಳ್ಯಾಳ."

ತಮ್ಮ ಪ್ರಸಂಗವನ್ನು ಯಾರೋ ಕೊನೆಯವರೆಗೆ ಕೇಳಿದ್ದಾರೆಂದು ತಿಳಿದು ಅಯ್ಯನವರ ಮುಖ ಅರಳಿತು.

"ನಾ ನಡಿಯೋ ಚುಕ್ಕಿ ಮಾಡ್ತೀನ್ರಿ" ಎಂದ ರಹಿಮಾನ್. "ನಾಟಕದ ದಿನ ಟ್ಯಾಂಕಿನಿಂದ ಹೊಂಟು ಸೀದಾ ಚರ್ಚಿನ ಮ್ಯಾಲ ಬಂದು ನಿಂತ್ರ, ನಂದ ಇರ್ಲಿ. ಬಂದು ನಿಲ್ಲಲಿಲ್ಲ ಅಂದ್ರ ಆವತ್ತ ನಿಮ್ಮದು ಏರಿಸ್ರಿ. ಏಣಿ ನಾನ ಹಿಡಿತೀನಿ."

ಅಯ್ಯನವರು ಒಪ್ಪಿದರು. ರಹಿಮಾನ್ ಹೊರಗೆ ಬಂದವನೇ ನನ್ನನ್ನು ಕೇಳಿದ: "ಟೀಚರಮ್ಮಾರ, ಚುಕ್ಕಿ ಹೆಂಗ ನಡಿಸ್ಬೇಕ್ರಿ?"

ಕೊನೆಗೆ ಉಪಾಯ ಹೊಳೆದದ್ದು ಅವನಿಗೇ. ಟ್ಯಾಂಕಿನ ಮೇಲಿನ ಕಬ್ಬಿಣದ ಕಟಾಂಜನದಿಂದ ಚರ್ಚಿನ ಮಾಳಿಗೆಯವರೆಗೆ ಓಣಿಯ ಮೇಲೆ ಒಂದು ತಂತಿ ಬಿಗಿಯುವುದು. ಎರಡು ಸೈಕಲ್ ಗಾಲಿಗಳ ನಡುವೆ ತಿರುಗುವ ಹಬ್ಬುಗಳನ್ನು ತಂತಿಯ ಮೇಲೆ ಕೂರಿಸಿ ಅದಕ್ಕೆ ನಕ್ಷತ್ರ ತೂಗುಹಾಕುವುದು. ಅದಕ್ಕೊಂದು ಹಗ್ಗ. ಚರ್ಚಿನ ಮಾಳಿಗೆಯ ಮೇಲೆ ಒಂದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಟಯರ್ ಬಿಚ್ಚಿದ ಹಿಂದಿನ ಗಾಲಿಗೆ ಆ ಹಗ್ಗ ಸುತ್ತುವುದು. ಪೆಡಲ್ ತಿರುಗಿಸಿದರೆ ಹಗ್ಗ ಸುತ್ತಿಕೊಂಡು ನಕ್ಷತ್ರ ಮುಂದೆ ಬರುತ್ತದೆ. ಒಳಗೆ ಬಲ್ಬು, ಅದಕ್ಕೆ ಸ್ಕೂಟರಿನ ಬ್ಯಾಟರಿ. ಕರೆಂಟು ಹೋದರೂ ಚಿಂತೆಯಿಲ್ಲ.

"ಇಷ್ಟೆಲ್ಲ ಯಾಕೋ? ಹಗ್ಗ ಕೈಲೆ ಜಗ್ಗಿದ್ರ ಆತಲ್ಲ" ಎಂದೆ.

"ಕೈಲೆ ಜಗ್ಗಿದ್ರ ಅದು ಬಾವಿ ಕೊಡ ಆತ್ರಿ. ಪೆಡ್ಲ್ ತಿರುವಿದ್ರ ಚುಕ್ಕಿ" ಎಂದ.

ಪೆಡಲ್ ತಿರುಗಿಸಲು ಓಬಣ್ಣನನ್ನು ಒಪ್ಪಿಸಿದೆವು. ಓಬಣ್ಣ ಚರ್ಚಿನ ಗಂಟೆ ಬಾರಿಸುವವನು. ಮಾಳಿಗೆ ಹತ್ತಿ ಇಳಿದು ರೂಢಿ.

ತಂತಿ ಹಾದು ಹೋಗಬೇಕಾದದ್ದು ಓಣಿಯ ನಡುವಿನ ನಾಗಲಿಂಗಮ್ಮನ ಹಿತ್ತಲಿನ ಮೇಲೆ. ಚರ್ಚು ಕಟ್ಟುವುದಕ್ಕಿಂತ ಮುಂಚಿನಿಂದ ಅವರ ಮನೆ ಅಲ್ಲಿದೆ. ಹಣೆತುಂಬ ವಿಭೂತಿ, ಬಾಯಿತುಂಬ ಬೈಗುಳ, ಕೊಟ್ಟಿಗೆಯಲ್ಲಿ ತುಂಬು ಗಬ್ಬದ ಎಮ್ಮೆ. ರಹಿಮಾನ್ ಅಪ್ಪಣೆ ಕೇಳಲು ಹೋದಾಗ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ನಿನ್ನ ಚುಕ್ಕಿ ನನ್ನ ಎಮ್ಮಿ ಮ್ಯಾಲ ಬಿತ್ತಂದ್ರ, ಲೇ ರಹಿಮಾನ, ನಿನ್ನ ಅಂಗಡ್ಯಾಗಿನ ಎಲ್ಲಾ ಸೈಕಲ್ಲಿನ ಗಾಳಿ ಬಿಡ್ತೀನಿ ನೋಡು!"

ಮಾರನೆಯ ದಿನ ನೋಡಿದರೆ, ಕೊಟ್ಟಿಗೆಯ ತಗಡಿನ ಚೂಪು ಅಂಚಿಗೆ ಉದ್ದಕ್ಕೂ ಗೋಣಿಚೀಲ ಸುತ್ತಿ ಕಟ್ಟಿದ್ದರು. ನಕ್ಷತ್ರದ ಕಾಗದದ ಬಾಲ ಹರಿಯಬಾರದಲ್ಲ ಎಂದು. ಕೇಳಿದರೆ, "ಕಾಗಿ ಕುಂದರ್ತಾವು, ಅದಕ್ಕ" ಅಂದರು.

ಅವರ ಮೊಮ್ಮಗಳು ಭಾಗ್ಯ ನಮ್ಮ ನಾಟಕದಲ್ಲಿ ಮರಿಯಳಾಗಿದ್ದಳು. ನಮ್ಮ ಸಭೆಯಲ್ಲಿ ಆ ವಯಸ್ಸಿನ ಹುಡುಗಿ ಇರಲಿಲ್ಲ; ಅವಳಿಗೆ ನೀಲಿ ಸೀರೆ ಒಪ್ಪುತ್ತಿತ್ತು. ಮಾತು ಮರೆತವರಿಗೆ ಪರದೆಯ ಹಿಂದಿನಿಂದ ಹೇಳಿಕೊಡುವ ಕೆಲಸ ನನ್ನದು. ಆದರೆ ಆ ವರ್ಷ ಕಷ್ಟ ಕೊಟ್ಟವರು ಜೋಯಿಸರು. ಹಿರಿಯ ಜೋಯಿಸನಾಗಿದ್ದವನು ಮೈಲಪ್ಪ, ರೈಲ್ವೆ ಗೇಟ್‌ಮನ್ ಆಗಿ ರಿಟೈರ್ ಆದವನು. ಇನ್ನಿಬ್ಬರು ಹಾರ್ಮೋನಿಯಂ ಬಾರಿಸುವ ಮಂಜಣ್ಣ ಮತ್ತು ಒಬ್ಬ ಕಾಂಪೌಂಡರ್. ತಾಲೀಮಿಗೆಂದು ಒಬ್ಬ ಹುಡುಗ ಕೋಲಿಗೆ ಕಟ್ಟಿ ಹಿಡಿದು ನಡೆಯುತ್ತಿದ್ದ ರಟ್ಟಿನ ನಕ್ಷತ್ರವನ್ನೇ ಮೂವರೂ ಮಾತಾಡುತ್ತ ಮಾತಾಡುತ್ತ ಹಿಂದೆ ಹಾಕಿ ಮುಂದೆ ಹೋಗಿಬಿಡುತ್ತಿದ್ದರು. ಅಯ್ಯನವರಿಗೆ ಸಿಟ್ಟು ಬಂತು.

"ನಕ್ಷತ್ರ ನಡೆದರೆ ನಡೀರಿ. ಅದು ನಿಂತರೆ ನಿಲ್ಲಿ. ಅದು ಎಲ್ಲಿ ನಿಲ್ಲುತ್ತೋ ಅಲ್ಲೇ ಒಳಗೆ ಹೋಗಿ, ಮಂಡಿಯೂರಿ, ಕಾಣಿಕೆ ಕೊಡಿ. ನಿಮ್ಮ ಬುದ್ಧಿ ಓಡಿಸಬೇಡಿ!"

ಮೈಲಪ್ಪನ ಬೆನ್ನು ನೆಟ್ಟಗಾಯಿತು. "ಹಿಂಗ ಬಿಡಿಸಿ ಹೇಳ್ರಿ ಮತ್ತ. ಸಿಗ್ನಲ್ ಇದ್ದಂಗ."

"ಹೌದು, ಸಿಗ್ನಲ್ ಇದ್ದ ಹಾಗೇ" ಎಂದರು ಅಯ್ಯನವರು. ಪಾಪ, ಅವರಿಗೆ ರೈಲ್ವೆಯವರ ಸಹವಾಸ ಗೊತ್ತಿರಲಿಲ್ಲ.

ಕಾಣಿಕೆಗಳನ್ನು ಹೊಂದಿಸಿದ್ದು ನಾನು. ಚಿನ್ನಕ್ಕೆ ಬಂಗಾರದ ಬಣ್ಣದ ಕಾಗದ ಸುತ್ತಿದ ಬೆಲ್ಲದ ಅಚ್ಚು. ಧೂಪಕ್ಕೆ ಪೀರ್ ಬೀ ಕೆಂಡದ ಬಟ್ಟಲಿನ ಸಮೇತ ಲೋಬಾನ ಕೊಟ್ಟಳು. ಮೂರನೆಯದು ರಕ್ತಬೋಳ ಎಂಬ ಸುಗಂಧದ ಅಂಟು. ಅದನ್ನು ನಮ್ಮೂರಲ್ಲಿ ಕಂಡವರಿಲ್ಲ. ಅದರ ಬದಲಿಗೆ ಕಾಂಪೌಂಡರ್ ತನ್ನ ಮನೆಯಿಂದ ಒಂದು ಬಾಟಲಿ ಹರಳೆಣ್ಣೆ ತಂದ.

ಆ ಸಂಜೆ ಬಂತು. ಚರ್ಚಿನ ಅಂಗಳ ತುಂಬಿ ಓಣಿಯಲ್ಲೂ ಜನ ನಿಂತಿದ್ದರು. ಕೈ ಇರುವ ಕುರ್ಚಿ ಮುಂದಿನ ಸಾಲಿನಲ್ಲಿ ಖಾಲಿ ಇತ್ತು, ಏಕೆಂದರೆ ರಹಿಮಾನ್ ಮಾಳಿಗೆಯ ಮೇಲಿದ್ದ. ಯಾರೋ ಗೊತ್ತಿಲ್ಲದೆ ಅದರಲ್ಲಿ ಕೂರಲು ಹೋದರೆ ಪೀರ್ ಬೀ ತನ್ನ ಚೀಲವನ್ನು ದಪ್ಪನೆ ಅದರ ಮೇಲಿಟ್ಟಳು. ಅಯ್ಯನವರು ಹೊಸ ಬಿಳಿ ನಿಲುವಂಗಿ ತೊಟ್ಟು ಜಗುಲಿಯ ಮೇಲೆ ನಿಂತಿದ್ದರು. ಅವರ ಕಂಕುಳಲ್ಲಿ ಬಳ್ಳಾರಿಯ ಪ್ಯಾಕೆಟ್ ಇತ್ತು.

ದೀಪ ಹಚ್ಚುವ ಹೊತ್ತಿಗೆ ಟ್ಯಾಂಕಿನ ಬಳಿ ಮೂವರು ಜೋಯಿಸರು ಮಿರುಗುವ ಬೆಡ್‌ಶೀಟು ಹೊದ್ದು ಸಿದ್ಧರಾದರು. ರಹಿಮಾನ್ ಸಿಳ್ಳೆ ಹಾಕಿದ. ಓಬಣ್ಣ ಪೆಡಲ್ ತಿರುಗಿಸಿದ. ಕೆಂಪು, ಹಸಿರು, ಹಳದಿ ಕಾಗದದ ಎಂಟು ಮೂಲೆಯ ನಕ್ಷತ್ರ ಒಮ್ಮೆ ನಡುಗಿ, ಬಾಲ ಅಲ್ಲಾಡಿಸುತ್ತ, ಆಕಾಶದಲ್ಲಿ ನಡೆಯತೊಡಗಿತು.

"ಯಪ್ಪಾ, ಹೊಂಟೈತಿ ನೋಡ್ರಿ!" ಎಂದು ಓಣಿ ಕೂಗಿತು. ಅಯ್ಯನವರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಪ್ಯಾಕೆಟ್ ಕಂಕುಳಿಂದ ಜಾರಿ ಕೆಳಗೆ ಬಿತ್ತು, ಅವರು ಎತ್ತಿಕೊಳ್ಳಲಿಲ್ಲ.

ತೊಂದರೆಯಾದದ್ದು ಓಬಣ್ಣನ ರೂಢಿಯಿಂದ. ಅವನ ಕೈಗೆ ಗೊತ್ತಿದ್ದದ್ದು ಗಂಟೆ ಬಾರಿಸುವುದೊಂದೇ: ಒಂದು ಜೋರು ಎಳೆತ, ಒಂದು ಬಿಡುವು, ಮತ್ತೆ ಎಳೆತ. ಪೆಡಲ್ಲನ್ನೂ ಹಾಗೇ ತಿರುಗಿಸಿದ. ನಕ್ಷತ್ರ ಕುಪ್ಪಳಿಸುತ್ತ ಬಂತು. ನೋಡಲು ಚೆನ್ನಾಗಿಯೇ ಇತ್ತು. ಆದರೆ ನಾಗಲಿಂಗಮ್ಮನ ಕೊಟ್ಟಿಗೆಯ ನೇರಕ್ಕೆ ಬರುವಷ್ಟರಲ್ಲಿ ಮಾಳಿಗೆಯ ಮೇಲೆ ಕಟಕ್ ಎಂದಿತು. ಚೈನು ಕಳಚಿ ಹಗ್ಗದಲ್ಲಿ ಸಿಕ್ಕಿಕೊಂಡಿತು. ನಕ್ಷತ್ರ ನಿಂತಿತು.

ಅದೇ ಹೊತ್ತಿಗೆ ಕರೆಂಟೂ ಹೋಯಿತು.

ಚರ್ಚಿನ ಸೀರಿಯಲ್ ಬಲ್ಬುಗಳು, ಓಣಿಯ ದೀಪ, ಎಲ್ಲ ಆರಿದವು. ಕತ್ತಲಲ್ಲಿ ಬೆಳಗುತ್ತಿದ್ದದ್ದು ಒಂದೇ, ಕೊಟ್ಟಿಗೆಯ ಮೇಲಿನ ಚುಕ್ಕಿ.

ಮೈಲಪ್ಪ ತಲೆ ಎತ್ತಿ ನೋಡಿದ. "ನಿಂತೈತಿ" ಎಂದ.

"ಇದು ನಾಗಲಿಂಗವ್ವಾರ ಮನಿ ಅಲ್ಲೇನೋ ಮೈಲಪ್ಪಣ್ಣ?" ಎಂದ ಮಂಜಣ್ಣ.

"ಯಾರ ಮನಿ ಆದ್ರ ನಮಗೇನು? ಸಿಗ್ನಲ್ ಇಲ್ಲಿ ಬಿದ್ದೈತಿ. ದಾಟಿ ಹೋಗಾಕ ನಿನಗ ಅಧಿಕಾರ ಐತೇನು?"

"ಅಲ್ಲೋ, ಕೂಸು ಚರ್ಚಿನಾಗೈತಿ..."

"ಬುದ್ಧಿ ಓಡಿಸಬ್ಯಾಡ ಅಂದಾರ ಅಯ್ನೋರು!"

ಮೂವರೂ ಬೆಡ್‌ಶೀಟು ಸರಿಮಾಡಿಕೊಂಡು, ಹಿತ್ತಲ ಬಾಗಿಲು ತಳ್ಳಿ, ಕೊಟ್ಟಿಗೆಯೊಳಗೆ ಹೋದರು. ಜನ ಇದು ಈ ವರ್ಷದ ಹೊಸ ಏರ್ಪಾಡು ಎಂದುಕೊಂಡು ಹಾಡು ಹೇಳುತ್ತಲೇ ಅವರ ಹಿಂದೆ ತಿರುಗಿದರು.

ಒಳಗಿನಿಂದ ನಾಗಲಿಂಗಮ್ಮನ ದನಿ ಬಂತು: "ಯಾವಾನವ? ಎಮ್ಮಿ ಈಗ ಈದೈತಿ, ಕಾಲಾಗ ಬರ್ಬ್ಯಾಡ್ರೋ!"

ಜಗುಲಿಯ ಮೇಲೆ ಹುಲ್ಲಿನ ನಡುವೆ ಬೊಂಬೆ ಹಿಡಿದು ಕೂತಿದ್ದ ಮರಿಯಳ ಕಿವಿಗೆ ಅದು ಬಿತ್ತು.

"ಯವ್ವಾ, ನಮ್ಮ ಎಮ್ಮಿ ಈದೈತಿ!" ಎಂದು ಭಾಗ್ಯ ಎದ್ದವಳೇ ಬೊಂಬೆಯನ್ನು ಯೋಸೇಫನ ಮಡಿಲಿಗೆ ಎಸೆದು, ನೀಲಿ ಸೀರೆ ಎತ್ತಿ ಕಟ್ಟಿಕೊಂಡು ಓಡಿದಳು.

"ಮರಿಯಾ! ಏ ಮರಿಯಾ! ಕೂತ್ಕೋ!" ಎಂದು ಅಯ್ಯನವರು ಕೂಗಿದರು. ಮರಿಯ ಬೇಲಿ ಹಾರಿಯಾಗಿತ್ತು. ಯೋಸೇಫ ನನ್ನ ಕಡೆ ನೋಡಿದ. ಅವನಿಗೆ ಹೇಳಿಕೊಡಲು ನನ್ನ ಬಳಿಯೂ ಮಾತಿರಲಿಲ್ಲ.

ಅಯ್ಯನವರು ನಿಲುವಂಗಿ ಹಿಡಿದುಕೊಂಡು ದಡದಡ ಇಳಿದು ಹೋದರು. ನಾನು ಟಾರ್ಚು ಹಿಡಿದು ಹಿಂದೆ ಹೋದೆ. ಕೊಟ್ಟಿಗೆಯಲ್ಲಿ ಕಂದೀಲು ಉರಿಯುತ್ತಿತ್ತು. ಒದ್ದೆ ಮೈಯ ಎಮ್ಮೆಗರು ನಾಲ್ಕು ಕಾಲನ್ನು ನಾಲ್ಕು ದಿಕ್ಕಿಗೆ ಚಾಚಿ ಏಳಲು ನೋಡುತ್ತಿತ್ತು. ಅದರ ಮುಂದೆ ಮೂವರು ಜೋಯಿಸರು ಮಂಡಿಯೂರಿದ್ದರು. ಮೈಲಪ್ಪ ಒಂದು ಅಕ್ಷರ ತಪ್ಪದೆ ತನ್ನ ಮಾತು ಒಪ್ಪಿಸುತ್ತಿದ್ದ: "ಓ ಅರಸನೇ, ಬಹುದೂರದಿಂದ ಬಂದೆವು. ಈ ಚಿನ್ನವನ್ನು ಸ್ವೀಕರಿಸು."

"ಅರಸ ಅಲ್ಲೋ, ಹೆಣ್ಗರ ಅದು" ಎಂದರು ನಾಗಲಿಂಗಮ್ಮ. ಅವರಿಗೆ ಆಶ್ಚರ್ಯವೇನೂ ಆದಂತಿರಲಿಲ್ಲ. ಚಿನ್ನ ಇಸಿದುಕೊಂಡು, ಕಾಗದ ಸುಲಿದು, ಮೂಸಿ ನೋಡಿದರು. "ಬೆಲ್ಲ ತಂದೀರಿ? ಚಲೋ ಆತು. ಮನ್ಯಾಗ ತೀರಿತ್ತು." ಎಮ್ಮೆಯ ಬಾಯಿಗೆ ಇಟ್ಟರು. ಎಮ್ಮೆ ಚಿನ್ನವನ್ನು ಕರಕರ ಅಗಿಯಿತು.

ಲೋಬಾನ ಮುಂದೆ ಬಂತು. "ಹೊಗಿ ಈ ಮೂಲ್ಯಾಗ ಹಿಡಿ, ಸೊಳ್ಳಿ ಹೋಗ್ಲಿ." ಮಂಜಣ್ಣ ಹಿಡಿದ. ಕಾಂಪೌಂಡರ್ ಬಾಟಲಿ ಚಾಚಿದ. ನಾಗಲಿಂಗಮ್ಮ ಬೆರಳದ್ದಿ ನೋಡಿ, ಅವನ ತಲೆಯ ಕಾಗದದ ಕಿರೀಟವನ್ನು ಪ್ರೀತಿಯಿಂದ ತಟ್ಟಿದರು. "ಹರಳೆಣ್ಣಿ! ಕೆಚ್ಚಲಕ್ಕ ಹಚ್ಚಾಕ ಬೇಕಿತ್ತು. ನನಗ ಏನು ಬೇಕಂತ ಯಾರಪ್ಪ ನಿಮಗ ಹೇಳ್ದೋರು?"

ಮೈಲಪ್ಪ ಗಂಭೀರವಾಗಿ ಮೇಲೆ ಬೆರಳು ತೋರಿಸಿದ.

ಆಗ ಅಯ್ಯನವರು "ಏನ್ರಯ್ಯಾ ಇದು!" ಎನ್ನುತ್ತ ಮುನ್ನುಗ್ಗಿ, ಸಗಣಿಯ ಮೇಲೆ ಕಾಲಿಟ್ಟು, ಜಾರಿ, ಜೋಯಿಸರ ಸಾಲಿನಲ್ಲೇ ಮಂಡಿಯೂರಿದರು. ಕರು ಅವರ ಮುಖವನ್ನು ನೆಕ್ಕಿತು.

ಮೊದಲು ಭಾಗ್ಯ ನಕ್ಕಳು. ಆಮೇಲೆ ನಕ್ಕವರು ಅಯ್ಯನವರು. ಬಂದಾಗಿನಿಂದ ಅವರ ನಗು ನೋಡಿರದ ನಮಗೆ ಅದು ನಗುವೋ ಕೆಮ್ಮೋ ಎಂದು ತಿಳಿಯಲು ಸ್ವಲ್ಪ ಹೊತ್ತಾಯಿತು. ನಾಗಲಿಂಗಮ್ಮ ಬೈಯುತ್ತಲೇ ಬಿಸಿನೀರು ತಂದು ಅವರ ಕಾಲಿಗೆ ಹೊಯ್ದು, ತೀರಿಹೋದ ಯಜಮಾನರ ಮಡಿಪಂಚೆ ಕೊಟ್ಟರು. ನಿಲುವಂಗಿಯ ಕಲೆಯನ್ನು ಪೀರ್ ಬೀ ತಿಕ್ಕಿ ತೊಳೆದಳು.

ಅಷ್ಟರಲ್ಲಿ ರಹಿಮಾನ್ ಮಾಳಿಗೆ ಇಳಿದು ಬಂದ. ಇಸ್ತ್ರಿ ಅಂಗಿಯ ಮೇಲೆಲ್ಲ ಚೈನಿನ ಗ್ರೀಸು. ಕೈಯಲ್ಲಿ ಅಯ್ಯನವರು ಬೀಳಿಸಿದ ಪ್ಯಾಕೆಟ್. ಅದನ್ನು ಅವರ ಮುಂದೆ ಚಾಚಿ ತಲೆ ತಗ್ಗಿಸಿ ನಿಂತ.

"ಚರ್ಚಿಗೆ ಬರಲಿಲ್ರಿ ಅಯ್ನೋರ. ಮಾತಂದ್ರ ಮಾತು. ನಿಮ್ಮದು ಏರಿಸ್ರಿ, ನಾ ಏಣಿ ಹಿಡಿತೀನಿ."

ಪೀರ್ ಬೀ ತಿಕ್ಕುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತಳು. ಅಯ್ಯನವರು ಪ್ಯಾಕೆಟ್ ನೋಡಿದರು, ಮೇಲೆ ನಿಂತಿದ್ದ ಚುಕ್ಕಿ ನೋಡಿದರು, ಕರುವನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಾಗಲಿಂಗಮ್ಮ ನಡುವೆ ಬಂದರು.

"ಏನದು ಪ್ಯಾಕೀಟು?"

"ಬೇರೆ ನಕ್ಷತ್ರ, ಅಮ್ಮ. ಬಳ್ಳಾರಿದು."

"ನನ್ನ ಮನಿ ಮ್ಯಾಲ ಹಾದಿ ಕೊಟ್ಟಿದ್ದು ರಹಿಮಾನನ ಚುಕ್ಕಿಗೆ. ಬಳ್ಳಾರಿ ಚುಕ್ಕಿ ಬಂದ್ರ ಗೋಣಿಚೀಲ ಬಿಚ್ತೀನಿ. ಬಿಚ್ಚಿ ತಗಡು ಇನ್ನಷ್ಟು ಮಸಿತೀನಿ, ತಿಳೀತಿಲ್ಲೋ?"

ಅಯ್ಯನವರು ಪಂಚೆ ಬಿಗಿಮಾಡಿಕೊಂಡರು. "ರಹಿಮಾನ್, ನಮ್ಮ ಕರಾರು ಏನಿತ್ತು? ಕೂಸಿದ್ದ ಜಾಗದ ಮೇಲೆ ಬಂದು ನಿಲ್ಲಬೇಕು ಅಂತ ನೀನೇ ಅಲ್ವಾ ಶುರು ಮಾಡಿದ್ದು?"

"ಹೌದ್ರಿ."

"ಚರ್ಚಿನಲ್ಲಿ ಇರೋದು ಪ್ಲಾಸ್ಟಿಕ್ ಬೊಂಬೆ ಕಣಪ್ಪ" ಎಂದರು ಅಯ್ಯನವರು, ಕರುವಿನ ತಲೆ ಸವರುತ್ತ. "ಹೋಗು, ಚೈನು ಹಾಕು. ಅಲ್ಲಿ ಯೋಸೇಫ ಒಬ್ಬನೇ ಇದ್ದಾನೆ."

ರಹಿಮಾನ್ ಏಣಿ ಮುಟ್ಟುವ ಮುಂಚೆಯೇ ಓಬಣ್ಣ ಮೇಲಿನಿಂದ ಚೈನು ಕೂರಿಸಿ ಪೆಡಲ್ ತಿರುಗಿಸಿಬಿಟ್ಟಿದ್ದ. ನಕ್ಷತ್ರ ಎದ್ದೆನೋ ಬಿದ್ದೆನೋ ಎಂದು ಓಡಿಹೋಗಿ ಚರ್ಚಿನ ಗೋಡೆಗೆ ಗುದ್ದಿತು. ಒಂದು ಮೂಲೆ ಮುರಿದು ಏಳು ಉಳಿದವು. ನಾವೆಲ್ಲ ಅದರ ಹಿಂದೆ ಓಡಿದೆವು. ಭಾಗ್ಯ ಬಂದು ಬೊಂಬೆ ಎತ್ತಿಕೊಂಡಳು. ರಹಿಮಾನ್ ಗ್ರೀಸಿನ ಅಂಗಿಯಲ್ಲೇ ಕೈ ಇರುವ ಕುರ್ಚಿಯಲ್ಲಿ ಕೂತ. ಮಾರನೆಯ ದಿನ ಆರಾಧನೆ ಮುಗಿದ ಮೇಲೆ ಎಲ್ಲರಿಗೂ ಕೇಕಿನ ಜೊತೆ ಒಂದೊಂದು ತುಂಡು ಗಿಣ್ಣ ಸಿಕ್ಕಿತು. ನಾಗಲಿಂಗಮ್ಮ ಕಳಿಸಿದ್ದು. ಕರುವಿಗೆ ಚುಕ್ಕಿ ಎಂದು ಹೆಸರಿಡೋಣವೇ ಎಂದು ಅಯ್ಯನವರು ಹೇಳಿಕಳಿಸಿದ್ದಕ್ಕೆ, "ಎಮ್ಮಿ ಕರೀದಿರತೈತಿ, ಚುಕ್ಕಿ ಎಲ್ಲಿಂದ ಬರ್ಬೇಕು? ಅಯ್ನೋರಿಗೆ ಕಣ್ಣು ತೋರಿಸ್ಕಳ್ಳಾಕ ಹೇಳ್ರಿ" ಎಂದರು.

ಈಗಲೂ ನಮ್ಮೂರಲ್ಲಿ ನಕ್ಷತ್ರ ಎರಡು ಕಡೆ ನಿಲ್ಲುತ್ತದೆ: ಮೊದಲು ನಾಗಲಿಂಗಮ್ಮನ ಕೊಟ್ಟಿಗೆಯ ಮೇಲೆ, ಆಮೇಲೆ ಚರ್ಚಿನ ಮೇಲೆ. ಜೋಯಿಸರು ಎರಡು ಅಚ್ಚು ಬೆಲ್ಲ ಒಯ್ಯುತ್ತಾರೆ. ಬಳ್ಳಾರಿಯ ನಕ್ಷತ್ರವನ್ನು ಅಯ್ಯನವರು ರಹಿಮಾನನಿಗೇ ಕೊಟ್ಟರು. ಅವನು ಅದನ್ನು ಸೈಕಲ್ ಅಂಗಡಿಯಲ್ಲಿ ನೇತುಹಾಕಿ, ಗಾಳಿ ಹೊಡೆಸಲು ಬಂದವರಿಗೆಲ್ಲ, "ನೋಡ್ರಿ, ಚಂದ ಐತಿ, ಪಾಪ. ಆದ್ರ ನಡಿಯಂಗಿಲ್ಲ" ಎಂದು ತೋರಿಸುತ್ತಾನೆ.

ಕೆಲವು ವರ್ಷಗಳಿಂದ ಅವನು ಇನ್ನೊಂದು ಮಾತನ್ನೂ ಸೇರಿಸಿದ್ದಾನೆ. ಅವತ್ತು ಚೈನು ಬಿದ್ದದ್ದಲ್ಲವಂತೆ. ಎಮ್ಮೆ ಈದದ್ದು ಮಾಳಿಗೆಯಿಂದ ಕಂಡು ತಾನೇ ಬೀಳಿಸಿದ್ದಂತೆ. ಮೊನ್ನೆ ನನ್ನ ಮುಂದೆಯೇ ಹಾಗೆ ಹೇಳಿ, ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಓಬಣ್ಣನ ಕಡೆ ತಿರುಗಿ, "ಹೌದಲ್ಲೋ ಓಬಣ್ಣ?" ಎಂದ.

ಓಬಣ್ಣ ಲೋಟದಿಂದ ಮುಖ ಎತ್ತಲಿಲ್ಲ. "ಹೌದು ಹೌದು" ಎಂದ. "ನಾನ ಬ್ಯಾಡ ಬ್ಯಾಡ ಅಂದೆ, ಎಲ್ಲಿ ಕೇಳ್ತಾನಿವ!"